ಮೊದಲ ಮಸಲ್ ಕಾರು: 34,000 ಡಾಲರ್‌ಗೆ 1970ರ ಶೆವೆಲ್ ಎಸ್‌ಎಸ್ ಸಿಕ್ಕಿದೆ, ಹಿಡೀಲಾ ಬಿಡ್ಲಾ?

ನೋವಿ_ನಾಗರಾಜ · ಮಾರ್ಚ್ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಡೆಟ್ರಾಯ್ಟ್ ಹತ್ತಿರ ನೋವಿಯಲ್ಲಿದ್ದೇನೆ, ಹದಿನಾಲ್ಕು ವರ್ಷ ಆಯಿತು. ಬಂದ ಮೊದಲ ಆಗಸ್ಟ್‌ನಲ್ಲೇ ಆಫೀಸಿನ ಗೆಳೆಯ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನೋ ಹಳೇ ಕಾರುಗಳ ಮೆರವಣಿಗೆಗೆ ಕರೆದುಕೊಂಡು ಹೋಗಿದ್ದ. ರಸ್ತೆ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಸಿಗ್ನಲ್‌ನಲ್ಲಿ ಒಂದು ಕಪ್ಪು ಶೆವೆಲ್, ಅಂದರೆ ಶೆವ್ರೊಲೆ ಕಂಪನಿಯ ದೊಡ್ಡ ಇಂಜಿನ್ನಿನ ಹಳೇ ಮಸಲ್ ಕಾರು, ಬಂದು ನಿಂತಿತು. ನನ್ನ ಕೈಯಲ್ಲಿದ್ದ ಸೋಡಾ ಕ್ಯಾನ್ ನಡುಗುತ್ತಿತ್ತು. ಅವತ್ತಿನಿಂದ ತಲೆಯಲ್ಲಿ ಅದೇ.

ಈಗ ಸಾಲ ಸ್ವಲ್ಪ ಹಗುರ ಆಗಿದೆ. ಗ್ಯಾರೇಜ್‌ನಲ್ಲಿ ಒಂದು ಜಾಗ ಖಾಲಿ ಇದೆ. ಮನೆಯವಳು "ಒಂದೇ ಒಂದು, ಅದೂ ಸಾಲ ಮಾಡದೆ" ಅಂತ ಒಪ್ಪಿದ್ದಾಳೆ. ಬಜೆಟ್ 35,000 ಡಾಲರ್.

ಟೊಲೆಡೊ ಹತ್ತಿರ ಒಬ್ಬನ ಬಳಿ 1970ರ ಶೆವೆಲ್ ಎಸ್‌ಎಸ್ 396 ಇದೆ (ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 396 ಇಂಜಿನ್ ಗಾತ್ರದ ಹೆಸರು). ಕೆಂಪು ಬಣ್ಣ, ಹುಡ್ ಮೇಲೆ ಕಪ್ಪು ಪಟ್ಟೆ. 34,000 ಕೇಳುತ್ತಿದ್ದಾನೆ. "ನಂಬರ್ಸ್ ಮ್ಯಾಚಿಂಗ್" ಅಂತಾನೆ, ಅಂದರೆ ಇಂಜಿನ್ ಫ್ಯಾಕ್ಟರಿಯಿಂದ ಈ ಗಾಡಿ ಜೊತೆ ಬಂದದ್ದೇ ಅಂತೆ. ಓಡೋಮೀಟರ್ 43,000 ಮೈಲಿ ತೋರಿಸುತ್ತೆ. ಹಳೇ ಕಾಗದಪತ್ರ ಏನೂ ಇಲ್ಲ, ಹಿಂದಿನ ಓನರ್ ಕಳೆದುಕೊಂಡನಂತೆ. ಶನಿವಾರ ಇನ್ನಿಬ್ಬರು ನೋಡಲು ಬರ್ತಾರೆ ಅಂತ ದಿನಾ ಮೆಸೇಜ್ ಹಾಕ್ತಾನೆ. ನನಗೆ ಆಯಿಲ್ ಬದಲಾಯಿಸೋದು ಬಿಟ್ಟರೆ ಬೇರೆ ಕೆಲಸ ಬರಲ್ಲ. ಹೋದಾಗ ಏನು ನೋಡಬೇಕು?

ಬೆಂಗ್ಳೂರ್_ಬಾಯ್ · ಮಾರ್ಚ್ 8, ರಾತ್ರಿ 9:52

ಮೈಲೇಜ್ ಎಷ್ಟು ಕೊಡುತ್ತೆ ಗುರೂ?

ಮೊಪಾರ್_ಮಾಣಿ · ಮಾರ್ಚ್ 8, ರಾತ್ರಿ 10:05

ಗ್ಯಾಲನ್‌ಗೆ 10, 12 ಮೈಲಿ. ನಿಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರ್. ಅದೂ ಹಿಂದಿನಿಂದ ಗಾಳಿ ಬೀಸಿದರೆ ಮಾರಾಯ್ರೆ.

ಹಳೇಗಾಡಿ_ಹುಚ್ಚ · ಮಾರ್ಚ್ 8, ರಾತ್ರಿ 10:31

ನಾಗರಾಜ್, ಮೊದಲು ಆ ಮೆಸೇಜ್‌ಗಳಿಗೆ ಉತ್ತರ ಕೊಡೋದು ನಿಲ್ಲಿಸಿ. ಆ "ಇನ್ನಿಬ್ಬರು" ನಾನು 2009ರಲ್ಲಿ ಕಾರು ನೋಡಲು ಹೋದಾಗಲೂ ಬರೋರಿದ್ದರು. ಇನ್ನೂ ಬಂದಿಲ್ಲ.

ಈಗ ವಿಷಯಕ್ಕೆ ಬರೋಣ. 1970ರಲ್ಲಿ ಎಸ್‌ಎಸ್ ಅನ್ನೋದು ಬೇರೆ ಮಾಡೆಲ್ ಅಲ್ಲ, ಮಾಲಿಬು ಅನ್ನೋ ಮಾಮೂಲಿ ಶೆವೆಲ್ ಮೇಲೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್. 1966ರಿಂದ 68ರವರೆಗೆ ವಿನ್ (ಗಾಡಿಯ ಗುರುತಿನ ಸಂಖ್ಯೆ) 138 ಅಂತ ಶುರುವಾದರೆ ಅದು ಎಸ್‌ಎಸ್ 396, ಮಾತು ಮುಗೀತು. 69ರಿಂದ ಆ ಸುಖ ಹೋಯಿತು. 1970ರದ್ದು 136 ಅಂತಿದ್ದರೆ "ಇದು ವಿ8 ಮಾಲಿಬು" ಅಂತ ಗೊತ್ತಾಗುತ್ತೆ, ಅಷ್ಟೇ. 135 ಅಂತಿದ್ದರೆ ಫ್ಯಾಕ್ಟರಿಯಿಂದ ಆರು ಸಿಲಿಂಡರ್ ಹೊತ್ತು ಬಂದ ಗಾಡಿ, ಮೇಲೆ ಏನೇ ಅಂಟಿಸಿದ್ದರೂ.

ಎಸ್‌ಎಸ್ ಹೌದಾ ಅಲ್ವಾ ಅಂತ ಹೇಳೋದು ಬಿಲ್ಡ್ ಶೀಟ್. ಅದು ಗಾಡಿಯ ಜಾತಕ. ಫ್ಯಾಕ್ಟರಿಯವರು ಜೋಡಿಸುವಾಗ ನೋಡಿಕೊಂಡ ಹಾಳೆ, ಕೆಲವೊಮ್ಮೆ ಹಿಂದಿನ ಸೀಟಿನ ಸ್ಪ್ರಿಂಗ್ ಒಳಗೆ, ಇಲ್ಲ ಪೆಟ್ರೋಲ್ ಟ್ಯಾಂಕ್ ಮೇಲೆ ಸಿಕ್ಕಿಕೊಂಡಿರುತ್ತೆ. ಇಲಿ ತಿಂದಿದ್ದರೂ ಪರವಾಗಿಲ್ಲ, ಒಂದು ತುಂಡು ಸಿಕ್ಕರೂ ಬೆಲೆ ಇದೆ.

ಜಾತಕ ಇಲ್ಲ ಅಂದರೆ ಮೈ ನೋಡಬೇಕು. ಆ ವರ್ಷದ ಎಸ್‌ಎಸ್‌ಗೆ ಮುಂದೆ ಡಿಸ್ಕ್ ಬ್ರೇಕ್ ಕಡ್ಡಾಯವಾಗಿ ಬರುತ್ತಿತ್ತು. ಹಿಂದಿನ ಆಕ್ಸಲ್ 12 ಬೋಲ್ಟಿನದು, ಕವರ್ ಮೇಲಿನ ಬೋಲ್ಟ್ ಎಣಿಸಿ. ಮುಂದೆ ಡ್ರಮ್ ಇದ್ದು ಹಿಂದೆ ಹತ್ತೇ ಬೋಲ್ಟ್ ಇದ್ದರೆ ಅದು ವೇಷ ಹಾಕಿದ ಮಾಲಿಬು.

ಇಂಜಿನ್ ವಿಷಯ: ಬಲಗಡೆ ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕ್ ಮೇಲೆ ಚಪ್ಪಟೆ ಜಾಗ ಇರುತ್ತೆ. ಅಲ್ಲಿ ವಿನ್‌ನ ಕೊನೆ ಅಂಕಿಗಳು ಕೊರೆದಿರಬೇಕು. ಆ ಜಾಗದಲ್ಲಿ ಮೆಷಿನ್ ಹಾದುಹೋದ ಸಣ್ಣ ಸಣ್ಣ ಗೆರೆ ಕಾಣಬೇಕು. ಕನ್ನಡಿ ಥರ ನುಣುಪಾಗಿದ್ದರೆ ಯಾರೋ ಉಜ್ಜಿ ಹೊಸ ನಂಬರ್ ಕುಟ್ಟಿದ್ದಾರೆ.

ಇನ್ನು 43,000 ಮೈಲಿ. ಓಡೋಮೀಟರ್‌ನಲ್ಲಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಅದು 143 ಸಾವಿರವೋ 243 ಸಾವಿರವೋ ಆ ದೇವರಿಗೇ ಗೊತ್ತು.

ಶೆವಿ_ಚಂದ್ರು · ಮಾರ್ಚ್ 8, ರಾತ್ರಿ 11:10

ಒಂದು ಸಣ್ಣ ತಿದ್ದುಪಡಿ. 1970ರಲ್ಲಿ 396 ಅಂತ ಬ್ಯಾಡ್ಜ್ ಇದ್ದರೂ ಒಳಗಿನ ಇಂಜಿನ್ 402 ಕ್ಯೂಬಿಕ್ ಇಂಚು. ಹೆಸರು ಚೆನ್ನಾಗಿ ಓಡ್ತಿತ್ತು ಅಂತ ಬದಲಾಯಿಸಲಿಲ್ಲ. ಮಾರುವವನ ಬಾಯಲ್ಲಿ ಈ ಮಾತು ತಾನಾಗೇ ಬಂದರೆ ಅವನಿಗೆ ಗಾಡಿ ಗೊತ್ತು ಅಂತ ಅರ್ಥ.

ಹಳೇಗಾಡಿ_ಹುಚ್ಚ · ಮಾರ್ಚ್ 8, ರಾತ್ರಿ 11:14

ಅದು ತಿದ್ದುಪಡಿ ಅಲ್ಲ ಚಂದ್ರು, ಸೇರ್ಪಡೆ. ನಾನು 396 ಇಂಚು ಅಂತ ಎಲ್ಲಿ ಬರೆದಿದ್ದೇನೆ?

ಸವಿತಾ_ಟ್ರಾಯ್ · ಮಾರ್ಚ್ 9, ಬೆಳಿಗ್ಗೆ 6:50

ನಾನು 1966ರ ಮಸ್ಟ್ಯಾಂಗ್ ಇಟ್ಟುಕೊಂಡು ಒಂಬತ್ತು ವರ್ಷ ಆಯಿತು. ಗಂಡಸರೆಲ್ಲ ಮೊದಲು ಹುಡ್ ಎತ್ತುತ್ತಾರೆ. ಹುಡ್ ಕೊನೆಗೆ ಎತ್ತಿ. ಇಂಜಿನ್ ರಿಪೇರಿಗೆ ಒಂದು ಲೆಕ್ಕ ಇದೆ, ಬಿಚ್ಚಿ ಕಟ್ಟಿದರೆ ಮುಗೀತು. ತುಕ್ಕಿಗೆ ಲೆಕ್ಕವೇ ಇಲ್ಲ. ಒಂದು ಅಂಗೈ ಅಗಲ ಕತ್ತರಿಸಿದರೆ ಹಿಂದೆ ಇನ್ನೂ ಎರಡು ಅಂಗೈ ಅಗಲ ಕಾಣುತ್ತೆ.

ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಟಾರ್ಚ್ ತಗೊಂಡು ನೆಲದ ಮೇಲೆ ಮಲಗಿ. ಶೆವೆಲ್ ಅಂದರೆ ಡಿಕ್ಕಿಯ ನೆಲ, ಹಿಂದಿನ ಗಾಜಿನ ಕೆಳಗಿನ ಅಂಚು, ಹಿಂದಿನ ಚಕ್ರದ ಸುತ್ತ. ಮೇಲೆ ವಿನೈಲ್ ಹೊದಿಕೆ ಇದ್ದರೆ ಅದರ ಅಡಿಯಲ್ಲಿ ನೀರು ನಿಂತು ತಗಡು ತಿಂದಿರುತ್ತೆ. ಮಸ್ಟ್ಯಾಂಗ್ ಆದರೆ ವೈಪರ್ ಕೆಳಗಿನ ಕೌಲ್ ಸೋರುತ್ತೆ. ಒಂದು ಲೋಟ ನೀರು ಹಾಕಿ ಒಳಗೆ ಕಾಲಿಡುವ ಜಾಗ ಒದ್ದೆ ಆಗುತ್ತಾ ನೋಡಬೇಕು. ನಾನು ನೋಡಿರಲಿಲ್ಲ. ಮೊದಲ ಮಳೆಗೆ ನನ್ನ ಶೂ ತೇಲುತ್ತಿತ್ತು.

ಆಮೇಲೆ ಒಂದು ಫ್ರಿಜ್ ಮ್ಯಾಗ್ನೆಟ್, ತೆಳು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ತಗಡಿದ್ದರೆ ಹಿಡಿಯುತ್ತೆ, ಪುಟ್ಟಿ ಇದ್ದರೆ ಜಾರಿ ಬೀಳುತ್ತೆ.

ಇನ್ಶೂರೆನ್ಸ್ ನನ್ನ ಕೆಲಸವೇ ಆದ್ದರಿಂದ ಹೇಳ್ತೀನಿ. ದಿನಬಳಕೆ ಪಾಲಿಸಿಗೆ ಸೇರಿಸಬೇಡಿ. ಗುದ್ದಿದ ದಿನ "ಐವತ್ತು ವರ್ಷದ ಕಾರು, ಇಷ್ಟೇ ಬೆಲೆ" ಅಂತಾರೆ. ಹಳೇ ಕಾರಿಗೆಂದೇ ಇರುವ ಕಂಪನಿಗಳಲ್ಲಿ ಮೊದಲೇ ಒಪ್ಪಿದ ಮೊತ್ತ ಕೊಡುವ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಕೇಳಿ. ಸ್ಟೇಟೆಡ್ ವ್ಯಾಲ್ಯೂ ಅಂತ ಇನ್ನೊಂದಿದೆ, ಕಿವಿಗೆ ಒಂದೇ ಥರ ಕೇಳಿಸುತ್ತೆ. ಅದರಲ್ಲಿ ನೀವು ಬರೆಸಿದ ಮೊತ್ತಕ್ಕಿಂತ ಕಡಿಮೆ ಕೊಡುವ ದಾರಿ ಇರುತ್ತೆ. ಒಂದಕ್ಷರವೂ ಬಿಡದೆ ಓದಿ ಸಹಿ ಹಾಕಿ. ದಿನಾ ಓಡಿಸಲು ಬೇರೆ ಕಾರು ಇದೆಯಾ, ಬೀಗ ಹಾಕುವ ಗ್ಯಾರೇಜ್ ಇದೆಯಾ ಅಂತ ಕೇಳ್ತಾರೆ. ಎರಡೂ ಇದ್ದರೆ ಪ್ರೀಮಿಯಂ ಆಶ್ಚರ್ಯ ಆಗುವಷ್ಟು ಕಡಿಮೆ.

ಟೆಕ್ಸಾಸ್_ತಿಪ್ಪೇಶ · ಮಾರ್ಚ್ 9, ಬೆಳಿಗ್ಗೆ 8:22

ಎಲ್ಲರೂ ಹೆದರಿಸ್ತಾ ಇದ್ದೀರಿ. ನನ್ನ ಸಲಹೆ ಬೇರೆ. ಎಂಟು ಸಾವಿರಕ್ಕೆ ಒಂದು ಪ್ರಾಜೆಕ್ಟ್ ಕಾರು ತಗೊಳ್ಳಿ. ಶನಿವಾರ ಭಾನುವಾರ ಕೂತು ನೀವೇ ಕಟ್ಟಿ. ಕಲಿತ ಹಾಗೂ ಆಯ್ತು, ದುಡ್ಡು ಉಳಿದ ಹಾಗೂ ಆಯ್ತು. 60ರ ದಶಕದ ಕ್ಯಾಮರೋ, ಮಸ್ಟ್ಯಾಂಗ್‌ಗೆ ಇಡೀ ಬಾಡಿಯೇ ಹೊಸದಾಗಿ ಮಾಡಿ ಮಾರ್ತಾರೆ. ಜನರಲ್ ಮೋಟರ್ಸ್‌ನ ಹೊಸ ಕಾಲದ ಎಲ್‌ಎಸ್ ಇಂಜಿನ್ ಕೂರಿಸಿದರೆ ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಶುರು.

ಗೌಡ್ರು_ಡೇಟನ್ · ಮಾರ್ಚ್ 9, ಮಧ್ಯಾಹ್ನ 12:15

ತಿಪ್ಪೇಶಣ್ಣ, ಆ ದಾರಿಯಲ್ಲಿ ನಾನು ಹೋಗಿ ಬಂದಿದ್ದೇನೆ. 2015ರಲ್ಲಿ 5,500 ಕೊಟ್ಟು 1969ರ ಕ್ಯಾಮರೋ ತಂದೆ. ತಂದೆ ಅನ್ನೋದೂ ತಪ್ಪು. ಟ್ರೇಲರ್ ಮೇಲೆ ಅರ್ಧ ಕಾರು, ಮಿನಿವ್ಯಾನ್ ಒಳಗೆ ಉಳಿದರ್ಧ. ಹನ್ನೊಂದು ರಟ್ಟಿನ ಡಬ್ಬ. ಒಂದರ ಮೇಲೆ "ಡ್ಯಾಶ್, ಇರಬಹುದು" ಅಂತ ಬರೆದಿತ್ತು.

ಒಂದು ವರ್ಷ ನಾನೇ ಪ್ರಯತ್ನಿಸಿದೆ. ಆಮೇಲೆ ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ. ಎಂಟು ತಿಂಗಳು ಅಂದವರು ಮೂರು ವರ್ಷ ಇಟ್ಟುಕೊಂಡರು. ಹೋದಾಗಲೆಲ್ಲ ನನ್ನ ಕಾರಿನ ಮೇಲೆ ಬೇರೆಯವರ ಬಾಗಿಲು ಒರಗಿಸಿರುತ್ತಿದ್ದರು. ಎರಡು ಬಂಪರ್‌ಗೆ ಕ್ರೋಮ್ ಹಾಕಿಸಲು 2,200 ಡಾಲರ್, ಬರೀ ಬಂಪರ್‌ಗೆ! ಲೆಕ್ಕ ಬರೆಯೋದು ನಿಲ್ಲಿಸಿದ ದಿನ ಅದು 41,000 ದಾಟಿತ್ತು. ಮಾರಿದ್ದು 29,000ಕ್ಕೆ.

ನಾಗರಾಜ್, ಬೇರೆಯವರು ದುಡ್ಡು ಸುರಿದು ಮುಗಿಸಿ ಮಾರುತ್ತಿರುವ ಕಾರು ತಗೊಳ್ಳಿ. ಅವರ ನಷ್ಟ ನಿಮ್ಮ ಲಾಭ. ಪಾಪ ಅನ್ನಿಸಿದರೆ ಒಂದು ಊಟ ಹಾಕಿಸಿ.

ಟೆಕ್ಸಾಸ್_ತಿಪ್ಪೇಶ · ಮಾರ್ಚ್ 9, ಮಧ್ಯಾಹ್ನ 12:40

ಗೌಡ್ರೇ, ಅಂಗಡಿಗೆ ಕೊಟ್ಟರೆ ಹಾಗೇ ಆಗೋದು. ನಾನು ಹೇಳಿದ್ದು ಸ್ವಂತ ಕೈಯಲ್ಲಿ ಮಾಡಿ ಅಂತ.

ಗೌಡ್ರು_ಡೇಟನ್ · ಮಾರ್ಚ್ 9, ಮಧ್ಯಾಹ್ನ 12:44

ನಿಮ್ಮದು ಮುಗಿದಿದೆಯಾ?

ಟೆಕ್ಸಾಸ್_ತಿಪ್ಪೇಶ · ಮಾರ್ಚ್ 9, ಮಧ್ಯಾಹ್ನ 12:51

ಈ ಬೇಸಿಗೆಗೆ ಮುಗಿಯುತ್ತೆ.

ಮೊಪಾರ್_ಮಾಣಿ · ಮಾರ್ಚ್ 9, ಮಧ್ಯಾಹ್ನ 12:53

ಹೋದ ಬೇಸಿಗೆಗೂ ಇದೇ ಹೇಳಿದ್ದಿರಲ್ಲ ಮಾರಾಯ್ರೆ.

ಶಾಸ್ತ್ರಿ_1971 · ಮಾರ್ಚ್ 9, ಸಂಜೆ 5:30

ನೀವೆಲ್ಲ ಸಾವಿರಗಳಲ್ಲಿ ಮಾತಾಡೋದು ನೋಡಿ ನಗು ಬರುತ್ತೆ. ನಾನು 1971ರಲ್ಲಿ ಓದಲು ಡೆಟ್ರಾಯ್ಟ್‌ಗೆ ಬಂದವನು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಆ ಚಳಿಗಾಲ ಪೆಟ್ರೋಲ್ ಬಂಕ್ ಮುಂದೆ ಪಡಿತರ ಅಂಗಡಿ ಥರ ಸಾಲು. ನನ್ನ ಅಪಾರ್ಟ್‌ಮೆಂಟಿನ ಕೆಳಗಡೆ ಒಬ್ಬ 1968ರ ಪ್ಲಿಮತ್ ರೋಡ್ ರನ್ನರ್ ಇಟ್ಟಿದ್ದ. ಹೊಸದಾಗಿದ್ದಾಗ ಅದರ ಬೆಲೆ 2,896 ಡಾಲರ್. ಕಾರ್ಟೂನಿನ ಹಕ್ಕಿ ಹೆಸರು ಬಳಸಲು ಕಂಪನಿಯವರು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿದ್ದರಂತೆ. ಹಾರ್ನ್ ಕೂಡ "ಬೀಪ್ ಬೀಪ್" ಅಂತಲೇ. ಅವನು 500 ಡಾಲರ್‌ಗೆ ತಗೋ ಅಂತ ನನ್ನ ಹಿಂದೆ ಬಿದ್ದಿದ್ದ.

ನಾನು ತಗೊಂಡಿದ್ದು ಆರು ಸಿಲಿಂಡರಿನ ಡಾಡ್ಜ್ ಡಾರ್ಟ್. ನಮ್ಮವಳು ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳ್ತಾಳೆ.

ಫೀನಿಕ್ಸ್_ಪಾಟೀಲ · ಮಾರ್ಚ್ 9, ರಾತ್ರಿ 8:05

ಶಾಸ್ತ್ರಿಗಳೇ, ಆ ಮನುಷ್ಯ ಇನ್ನೂ ಅದೇ ಮನೇಲಿ ಇದ್ದಾನೇನ್ರೀ? ವಿಳಾಸ ಕೊಡ್ರಿ.

ನಾಗರಾಜ್, ನೀವು ಇರೋದು ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ನಾಡು. ಮಿಶಿಗನ್, ಓಹಾಯೋದಲ್ಲಿ ಹುಟ್ಟಿ ಬೆಳೆದ ಕಾರು ಅಂದರೆ ಉಪ್ಪಿನಕಾಯಿ ಜಾಡಿಯಲ್ಲಿ ಇಟ್ಟ ಹಾಗೆ. ಈ ಕಡೆ ನೋಡ್ರಿ. ಅರಿಜೋನಾ ಕಾರಿನಲ್ಲಿ ತಗಡು ಗಟ್ಟಿ ಇರುತ್ತೆ. ಬಿಸಿಲಿಗೆ ಡ್ಯಾಶ್ ಸೀಳಿರುತ್ತೆ, ಸೀಟು ಹಪ್ಪಳ ಆಗಿರುತ್ತೆ, ರಬ್ಬರ್ ಮುಟ್ಟಿದರೆ ಪುಡಿ. ಅದೆಲ್ಲ ಕ್ಯಾಟಲಾಗ್ ನೋಡಿ ತರಿಸಬಹುದು. ಚಾಸಿಗೆ ತೂತು ಬಿದ್ದರೆ ಯಾವ ಕ್ಯಾಟಲಾಗೂ ಇಲ್ಲ.

ನೋವಿ_ನಾಗರಾಜ · ಮಾರ್ಚ್ 15, ರಾತ್ರಿ 10:20

ಹೋಗಿ ಬಂದೆ. ಸವಿತಾ ಅವರು ಹೇಳಿದ ಹಾಗೆ ಫ್ರಿಜ್ ಮ್ಯಾಗ್ನೆಟ್ ತಗೊಂಡು ಹೋಗಿದ್ದೆ. ಮನೆಯಲ್ಲಿದ್ದದ್ದು ಅತ್ತೆ ತಂದಿದ್ದ ದಸರಾ ಆನೆ, ಅಂಬಾರಿ ಸಮೇತ. ಮಗಳ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ಕಾರು ನೋಡಿದ ಕೂಡಲೇ ಮಂಕು ಕವಿಯಿತು. ಅಷ್ಟು ಚೆಂದ. ಇಂಜಿನ್ ಮೊದಲೇ ಬಿಸಿ ಮಾಡಿ ಇಟ್ಟಿದ್ದ. ಶುರು ಮಾಡಿದಾಗ ಎದೆ ಒಳಗೆ ಡೊಳ್ಳು. ಹತ್ತು ನಿಮಿಷ ನಾನು ಏನೂ ನೋಡಲಿಲ್ಲ, ಸುಮ್ನೆ ನಿಂತಿದ್ದೆ.

ಆಮೇಲೆ ಆನೆ ತೆಗೆದೆ. ಬಾಗಿಲ ಮೇಲೆ ಹಿಡಿಯಿತು. ಮುಂದಿನ ಫೆಂಡರ್ ಮೇಲೆ ಹಿಡಿಯಿತು. ಹಿಂದಿನ ಚಕ್ರದ ಮೇಲೆ ಇಟ್ಟೆ, ಜಾರಿ ಕೆಳಗೆ ಬಿತ್ತು. ಪಕ್ಕದಲ್ಲಿ ಇಟ್ಟೆ, ಅಲ್ಲೂ ಜಾರಿತು. ಸುಮಾರು ಒಂದು ಮೊಳ ಜಾಗದಲ್ಲಿ ಅಂಬಾರಿ ನಿಲ್ಲಲೇ ಇಲ್ಲ. ಮಾರುವವನು "ಮ್ಯಾಗ್ನೆಟ್ ವೀಕ್ ಇರಬೇಕು" ಅಂದ.

ಮುಂದಿನ ಚಕ್ರದ ಸಂದಿಯಲ್ಲಿ ಟಾರ್ಚ್ ಹಾಕಿದರೆ ಡ್ರಮ್. ಹಿಂದಿನ ಆಕ್ಸಲ್ ಕವರ್‌ನಲ್ಲಿ ಎರಡು ಸಲ ಎಣಿಸಿದೆ, ಹತ್ತೇ ಬೋಲ್ಟ್. ವಿನ್ 136 ಇತ್ತು. ಟೈರ್ ಹೊಸದರ ಹಾಗೆ ಕಾಣ್ತಿತ್ತು, ಆದರೆ ಪಕ್ಕದಲ್ಲಿ ಕೊನೆ ನಾಲ್ಕು ಅಂಕಿ 2309. "ಮುಂದೆ ಡಿಸ್ಕ್ ಬ್ರೇಕ್ ಯಾಕಿಲ್ಲ?" ಅಂತ ಕೇಳಿದೆ. "ಆ ವರ್ಷ ಕೆಲವಕ್ಕೆ ಹಾಕ್ತಿರಲಿಲ್ಲ" ಅಂದ. ಹೊರಟಾಗ 30,000ಕ್ಕೆ ಇಳಿದ. ಕಾರಿನಲ್ಲಿ ಕೂತಾಗ 27,000 ಅಂತ ಮೆಸೇಜ್.

ಈಗ 27ಕ್ಕೆ ತಗೊಳ್ಳಬಹುದಾ? ನಿಜ ಹೇಳಬೇಕೆಂದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಹಳೇಗಾಡಿ_ಹುಚ್ಚ · ಮಾರ್ಚ್ 15, ರಾತ್ರಿ 10:33

ಬೇಡ. ಮೇಲೆ ಥಳುಕು ಒಳಗೆ ಹುಳುಕು. 2309 ಅಂದರೆ 2009ನೇ ಇಸವಿಯ 23ನೇ ವಾರ ತಯಾರಾದ ಟೈರ್. ಆ ಟೈರ್ ಮೇಲೆ ಹೈವೇಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಿ ಅಂತ ಕೊಡುತ್ತಿದ್ದವನು ಅವನು.

ಇಂಜಿನ್ ಮೊದಲೇ ಬಿಸಿ ಮಾಡಿ ಇಟ್ಟಿದ್ದ ಅಂದಿರಲ್ಲ, ಅದೂ ಒಂದು ಲಕ್ಷಣ. "ನಾನು ಬರೋವರೆಗೆ ಶುರು ಮಾಡಬೇಡಿ" ಅಂತ ಹೇಳಿ ಹೋಗಬೇಕು, ಹೋದ ಕೂಡಲೇ ಕೈ ಇಟ್ಟು ನೋಡಬೇಕು. ತಣ್ಣಗಿದ್ದಾಗ ಶುರು ಮಾಡಿದರೆ ನೀಲಿ ಹೊಗೆ, ಟಕಟಕ ಸದ್ದು ಎಲ್ಲ ಹೊರಗೆ ಬರುತ್ತೆ.

ಶೆವಿ_ಚಂದ್ರು · ಮಾರ್ಚ್ 15, ರಾತ್ರಿ 11:02

ನಾನು ಒಪ್ಪಲ್ಲ. ಕ್ಲೋನ್, ಅಂದರೆ ಎಸ್‌ಎಸ್ ಥರ ಮಾಡಿದ ಮಾಲಿಬು, ಪಾಪ ಅಲ್ಲ. ಮಾಲಿಬುಗೆ ದೊಡ್ಡ ಇಂಜಿನ್ ಹಾಕಿದರೆ ಓಡಿಸುವ ಖುಷಿ ಅದೇ ಅಲ್ವಾ? ಕ್ಲೋನ್ ಅಂತ ಬಾಯಿಬಿಟ್ಟು ಹೇಳಿ ಕ್ಲೋನ್ ಬೆಲೆಗೆ ಮಾರಿದರೆ ತಗೊಳ್ಳಬಹುದು. ಇಲ್ಲಿ ತಪ್ಪು ಸುಳ್ಳು ಹೇಳಿದ್ದು. ಡ್ರಮ್ ಬಗ್ಗೆ ಸುಳ್ಳು ಹೇಳಿದವನು ಪುಟ್ಟಿ ಕೆಳಗೆ ಏನು ಮುಚ್ಚಿದ್ದಾನೋ.

ಹಳೇಗಾಡಿ_ಹುಚ್ಚ · ಮಾರ್ಚ್ 15, ರಾತ್ರಿ 11:09

ಮತ್ತೆ ಒಪ್ಪಲ್ಲ ಅಂತ ಶುರು ಮಾಡಿ ಒಪ್ಪಿಕೊಂಡ್ರಿ.

ಸವಿತಾ_ಟ್ರಾಯ್ · ಮಾರ್ಚ್ 16, ಬೆಳಿಗ್ಗೆ 7:01

ನೋವಿಯವರಿಗೆ ನೋವು ಆಗಬಾರದು ಅಂತಲೇ ಹೇಳೋದು, ಬಿಡಿ. ದಸರಾ ಆನೆ ನಿಲ್ಲದ ಕಾರಿನ ಮೇಲೆ ನೀವು ಯಾಕೆ ನಿಲ್ಲಬೇಕು?

ಬೆಂಗ್ಳೂರ್_ಬಾಯ್ · ಮಾರ್ಚ್ 16, ಬೆಳಿಗ್ಗೆ 7:30

ನಮ್ಮ ಕಡೆ ಕಾಂಟೆಸಾ ಇತ್ತಲ್ಲ, ಅದೇ ಇಂಡಿಯಾದ ಮಸಲ್ ಕಾರು.

ಮೊಪಾರ್_ಮಾಣಿ · ಮಾರ್ಚ್ 16, ಬೆಳಿಗ್ಗೆ 7:42

ಕಾಂಟೆಸಾ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್‌ನದು. ಮೊದಮೊದಲು ಒಳಗಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಇಂಜಿನ್. ಜಟ್ಟಿಯ ಮೈಗೆ ಗುಮಾಸ್ತನ ಹೃದಯ. ಇಸುಜು ಇಂಜಿನ್ ಬಂದ ಮೇಲೆ ಸ್ವಲ್ಪ ಉಸಿರು ಬಂತು, ಅಷ್ಟೆ.

ಫೀನಿಕ್ಸ್_ಪಾಟೀಲ · ಮಾರ್ಚ್ 16, ಬೆಳಿಗ್ಗೆ 9:15

ಕಾಂಟೆಸಾಕ್ಕೆ ಏನೂ ಅನ್ಬ್ಯಾಡ್ರಿ. ನನ್ನ ಮದುವೆ ಕಾರು ಅದು. ಹಳೇ ಅಮೆರಿಕನ್ ಕಾರು ಊರಲ್ಲೇ ನೋಡಬೇಕು ಅಂದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೆ ಹೋಗ್ರಿ. ದೇವರ ದರ್ಶನಕ್ಕಿಂತ ಅಲ್ಲೇ ಜಾಸ್ತಿ ಹೊತ್ತು ನಿಂತೆ ಅಂತ ನಮ್ಮವ್ವ ಬೈದಿದ್ದಳು.

ನಿರ್ವಾಹಕ · ಮಾರ್ಚ್ 16, ಬೆಳಿಗ್ಗೆ 9:40

ಕಾಂಟೆಸಾಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ನಾಗರಾಜ್ ಅವರ ಪ್ರಶ್ನೆ.

ಮೊಪಾರ್_ಮಾಣಿ · ಮಾರ್ಚ್ 16, ಬೆಳಿಗ್ಗೆ 10:05

ಸರಿ, ನಾಗರಾಜ್‌ರಿಗೆ ಒಂದು ಲೆಕ್ಕ. ಜಾಹೀರಾತಿನಲ್ಲಿ "4.10 ಗೇರ್" ಅಂತ ಹೆಮ್ಮೆಯಿಂದ ಬರೀತಾರೆ. ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಇಂಜಿನ್ 4.10 ಸುತ್ತು ತಿರುಗಬೇಕು ಅಂತ ಅರ್ಥ. ಸಿಗ್ನಲ್‌ನಿಂದ ಹಾರುವಾಗ ಸ್ವರ್ಗ. ಆದರೆ ಓವರ್‌ಡ್ರೈವ್, ಅಂದರೆ ಹೈವೇಯಲ್ಲಿ ಇಂಜಿನ್ ನಿಧಾನ ತಿರುಗುವ ಗೇರ್, ಇಲ್ಲ. 26 ಇಂಚಿನ ಟೈರ್ ಇಟ್ಟುಕೊಂಡು ಹೈವೇಯಲ್ಲಿ 65 ಮೈಲಿ ವೇಗದಲ್ಲಿ ಹೋದರೆ ಇಂಜಿನ್ ನಿಮಿಷಕ್ಕೆ ಸುಮಾರು 3,450 ಸಲ ತಿರುಗುತ್ತೆ. ಅದೇ 3.08 ಇದ್ದರೆ 2,600. ಮೊದಲನೆಯದರಲ್ಲಿ ಅರ್ಧ ಗಂಟೆ ಹೋದರೆ ಹೆಂಡತಿ ಪಕ್ಕದಲ್ಲಿ ಕೂತು ಏನು ಹೇಳ್ತಿದ್ದಾಳೆ ಅಂತ ಕೇಳಲ್ಲ. ಕೆಲವರಿಗೆ ಅದೇ ಬೇಕಿರಬಹುದು.

ಇನ್ನೊಂದು ಬ್ರೇಕು. 1967ಕ್ಕಿಂತ ಹಿಂದಿನ ಹೆಚ್ಚಿನ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್‌ಗೆ ಒಂದೇ ಕೋಣೆ. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. 67ರ ಮಾಡೆಲ್‌ನಿಂದ ಅಮೆರಿಕನ್ ಕಾರುಗಳಿಗೆ ಎರಡು ಕೋಣೆ ಬಂತು. ನಾಲ್ಕೂ ಡ್ರಮ್ ಇರುವ ಕಾರಿನಲ್ಲಿ ಬ್ರೇಕ್ ಒತ್ತೋದು ಅಂದರೆ ಸರ್ಕಾರಿ ಆಫೀಸಿಗೆ ಅರ್ಜಿ ಕೊಟ್ಟ ಹಾಗೆ. ಕೆಲಸ ಆಗುತ್ತೆ, ಸ್ವಲ್ಪ ಕಾಯಬೇಕು.

ಹಳೇಗಾಡಿ_ಹುಚ್ಚ · ಮಾರ್ಚ್ 16, ಮಧ್ಯಾಹ್ನ 1:20

ಎಲ್ಲರೂ ಓಡುವ ಕಡೆ ಓಡಬೇಡಿ. ನನ್ನದು 1966ರ ಪಾಂಟಿಯಾಕ್ ಜಿಟಿಓ. ಅದರ ಕಥೆಯೇ ಚೆನ್ನಾಗಿದೆ. ಜನರಲ್ ಮೋಟರ್ಸ್‌ನಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ನಿಯಮ ಇತ್ತು. 1964ರಲ್ಲಿ ಪಾಂಟಿಯಾಕ್ ಇಂಜಿನಿಯರ್ ಡಿಲೋರಿಯನ್ ಮತ್ತು ಅವರ ಜೊತೆಯವರು "ಇದು ಮಾಡೆಲ್ ಅಲ್ಲ ಸ್ವಾಮಿ, ಬರೀ ಆಪ್ಷನ್" ಅಂತ 389 ಇಂಜಿನ್ ತೂರಿಸಿಬಿಟ್ಟರು. ಅದಕ್ಕೇ 64, 65ರ ಜಿಟಿಓ ವಿನ್ ನೋಡಿದರೆ ಗೊತ್ತಾಗಲ್ಲ, 66ರಿಂದ 71ರವರೆಗೆ 242 ಅಂತ ಇರುತ್ತೆ. ಪಾಂಟಿಯಾಕ್‌ಗೆ ಪಿಎಚ್‌ಎಸ್ ಅನ್ನೋರ ಹತ್ತಿರ ಹಳೇ ಬಿಲ್ ಪ್ರತಿ ಸಿಗುತ್ತೆ. 1967ರಿಂದ ಈಚೆಗಿನ ಫೋರ್ಡ್, ಮರ್ಕ್ಯುರಿಗೆ ಮಾರ್ಟಿ ರಿಪೋರ್ಟ್, ಅಂದರೆ ಫ್ಯಾಕ್ಟರಿ ದಾಖಲೆ ನೋಡಿ ಕೊಡುವ ವರದಿ. ಮೊಪಾರ್‌ಗೆ, ಅಂದರೆ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಗಾಡಿಗಳಿಗೆ, ಫೆಂಡರ್ ಟ್ಯಾಗ್ ಅನ್ನೋ ತಗಡಿನ ಪಟ್ಟಿ, ಮತ್ತೆ ವಿನ್‌ನ ಐದನೇ ಅಕ್ಷರ ಇಂಜಿನ್ ಹೇಳುತ್ತೆ. ಜಾತಕ ಸುಲಭವಾಗಿ ಸಿಗುವ ಗಾಡಿ ಹುಡುಕಿ.

ನಿಮ್ಮ ದುಡ್ಡಿಗೆ ನಾನಾದರೆ ಮರ್ಕ್ಯುರಿ ಕೂಗರ್ ನೋಡ್ತಿದ್ದೆ, 1967 ಅಥವಾ 68. ಮಸ್ಟ್ಯಾಂಗ್‌ನದೇ ತಳಹದಿ, ಇಂಜಿನ್ ವಿ8 ಮಾತ್ರ. ಜನಕ್ಕೆ ಹೆಸರು ಅಷ್ಟು ಪರಿಚಯ ಇಲ್ಲ, ಅದಕ್ಕೇ ಬೆಲೆ ಇನ್ನೂ ಕೈಗೆ ಸಿಗುತ್ತೆ.

ಶೆವಿ_ಚಂದ್ರು · ಮಾರ್ಚ್ 16, ಮಧ್ಯಾಹ್ನ 1:48

ಕೂಗರ್ ಮಸಲ್ ಕಾರಲ್ಲ, ಪೋನಿ ಕಾರು, ಅಂದರೆ ಮಸ್ಟ್ಯಾಂಗ್ ಥರದ ಚಿಕ್ಕ ಸ್ಪೋರ್ಟಿ ಕಾರು.

ಸವಿತಾ_ಟ್ರಾಯ್ · ಮಾರ್ಚ್ 16, ಮಧ್ಯಾಹ್ನ 2:10

ಬಂತು ನೋಡಿ. ಮಸ್ಟ್ಯಾಂಗ್ ಕುದುರೆ ಹೆಸರಿಂದ ಪೋನಿ ಕಾರು ಅಂದರು. ಆದರೆ ಪ್ಲಿಮತ್ ಬರಾಕುಡಾ ಅದಕ್ಕಿಂತ ಎರಡು ವಾರ ಮೊದಲೇ, 1964ರ ಏಪ್ರಿಲ್ 1ಕ್ಕೆ ಬಂದಿತ್ತು. ಬರಾಕುಡಾ ಅಂದರೆ ಒಂದು ಮೀನು. ಹಾಗಾದರೆ ಮೀನು ಕಾರು ಅನ್ನಬೇಕಿತ್ತಾ ಚಂದ್ರು?

ಮೊಪಾರ್_ಮಾಣಿ · ಮಾರ್ಚ್ 16, ಮಧ್ಯಾಹ್ನ 2:12

ಮೀನು ಕಾರು! ನಮ್ಮ ಕಡೆಯವರಿಗೆ ಇದೇ ಸರಿ.

ನೋವಿ_ನಾಗರಾಜ · ಏಪ್ರಿಲ್ 26, ರಾತ್ರಿ 9:15

ಬಹಳ ದಿನ ಆಯಿತು, ಕ್ಷಮಿಸಿ. ಟೊಲೆಡೊ ಕಾರು ಬಿಟ್ಟೆ. ನಡುವೆ ಆರು ಕಾರು ನೋಡಿದೆ. ಒಂದರಲ್ಲಿ ಟೈಟಲ್ (ಒಡೆತನದ ಪತ್ರ) ಮೇಲಿನ ವಿನ್‌ಗೂ ಡ್ಯಾಶ್ ಮೇಲಿನ ವಿನ್‌ಗೂ ಒಂದು ಅಂಕಿ ವ್ಯತ್ಯಾಸ. "ಗುಮಾಸ್ತರ ತಪ್ಪು, ಸರಿ ಮಾಡಿಸ್ಕೊಳ್ಳಿ" ಅಂದರು. ನೀವೇ ಸರಿ ಮಾಡಿಸಿ ಫೋನ್ ಮಾಡಿ ಅಂದೆ, ಇನ್ನೂ ಫೋನ್ ಬಂದಿಲ್ಲ.

ಪಾಟೀಲರಿಗೆ ಫೀನಿಕ್ಸ್ ಹೊರವಲಯದಲ್ಲಿ 1967ರ ಕೂಗರ್ ಕಣ್ಣಿಗೆ ಬಿತ್ತು. ಹಸಿರು ಬಣ್ಣ, ಬಿಸಿಲಿಗೆ ಮಾಸಿದೆ. 289 ಇಂಜಿನ್, ಆಟೋಮ್ಯಾಟಿಕ್. ವಿನ್ 7ಆರ್91ಸಿ ಅಂತ ಶುರು. 67ನೇ ಇಸವಿ, ಸ್ಯಾನ್ ಹೋಸೆ ಫ್ಯಾಕ್ಟರಿ, ಕೂಗರ್ ಹಾರ್ಡ್‌ಟಾಪ್, ಎರಡು ಬ್ಯಾರಲ್ ಕಾರ್ಬುರೇಟರಿನ 289. ಮಾರ್ಟಿ ರಿಪೋರ್ಟ್ ತರಿಸಿದೆ, ಬಣ್ಣವೂ ಇಂಜಿನ್ನೂ ತಾಳೆ ಆಯಿತು. ಪಾಟೀಲರು ಭಾನುವಾರ ಬೆಳಿಗ್ಗೆ ಹೋಗಿ, ಓನರ್ ಏಳುವ ಮೊದಲೇ ಬಾಗಿಲು ತಟ್ಟಿ, ತಣ್ಣಗಿರುವ ಇಂಜಿನ್ ಶುರು ಮಾಡಿಸಿ ವಿಡಿಯೋ ಕಳಿಸಿದರು. ಕೆಳಗೆ ಮಲಗಿ ತೆಗೆದ 64 ಫೋಟೋ ಬೇರೆ.

23,500ಕ್ಕೆ ಮುಗಿಯಿತು. ಟ್ರಕ್ಕಿನಲ್ಲಿ ತರಿಸಲು 1,600. ಉಳಿದದ್ದು ಟೈರು, ಬ್ರೇಕು, ಇಂಧನದ ಪೈಪುಗಳಿಗೆ ಅಂತ ಎತ್ತಿಟ್ಟಿದ್ದೇನೆ.

ಫೀನಿಕ್ಸ್_ಪಾಟೀಲ · ಏಪ್ರಿಲ್ 26, ರಾತ್ರಿ 9:31

ಓನರ್ ಅಜ್ಜ ಲುಂಗಿ ಥರದ್ದೇನೋ ಉಟ್ಕೊಂಡು ಹೊರಗೆ ಬಂದ್ರು. ಮೊದಲು ಬೈದ್ರು, ಆಮೇಲೆ ಕಾಫಿ ಕೊಟ್ರು. ಕಾರು ಒಯ್ಯುವಾಗ ಅವರ ಕಣ್ಣು ಒದ್ದೆ ಆಗಿತ್ತು. ಒಳ್ಳೇ ಮನೆ ಕಾರು ರೀ ಅದು.

ಸವಿತಾ_ಟ್ರಾಯ್ · ಏಪ್ರಿಲ್ 27, ಬೆಳಿಗ್ಗೆ 6:45

ಶುಭಾಶಯ! ಇಂಧನದ ರಬ್ಬರ್ ಪೈಪುಗಳನ್ನು ಮೊದಲು ಬದಲಾಯಿಸಿ. ಈಗಿನ ಪೆಟ್ರೋಲ್‌ನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುತ್ತೆ, ಹಳೇ ರಬ್ಬರ್ ತಿನ್ನುತ್ತೆ. ಬಿಸಿ ಇಂಜಿನ್ ಮೇಲೆ ಸೋರಿದರೆ ಬೆಂಕಿಯೇ. ಆಯಿಲ್ ಕೂಡ ಜಿಂಕ್ ಜಾಸ್ತಿ ಇರುವ ಹಳೇ ಕಾರಿನ ಆಯಿಲ್ ಹಾಕಿ, ಇಲ್ಲದಿದ್ದರೆ ಕ್ಯಾಮ್ ಸವೆಯುತ್ತೆ. ಒಂದು ಬೆಂಕಿ ಆರಿಸುವ ಸಿಲಿಂಡರ್ ಕಾರಿನಲ್ಲೇ ಇರಲಿ.

ನೋವಿ_ನಾಗರಾಜ · ಮೇ 11, ರಾತ್ರಿ 8:50

ಬಂತು! ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಒಳಗೆ ತಂದೆವು. ಟ್ರಕ್ ಡ್ರೈವರ್ ನಿಂಬೆಹಣ್ಣು ಯಾಕೆ ಅಂತ ಕೇಳಿದ. ಬ್ರೇಕ್ ಟೆಸ್ಟ್ ಅಂದೆ.

ಮಗಳಿಗೆ ಹಿಂದಿನ ಇಂಡಿಕೇಟರ್ ಹುಚ್ಚು. ಮೂರು ದೀಪ ಒಳಗಿನಿಂದ ಹೊರಗೆ ಒಂದೊಂದಾಗಿ ಹತ್ತುತ್ತೆ. ಡಿಕ್ಕಿ ಒಳಗೆ ಕಿವಿ ಇಟ್ಟರೆ ಒಂದು ಪುಟ್ಟ ಮೋಟಾರು ಗುರ್ರ್ ಅಂತ ತಿರುಗೋದು ಕೇಳಿಸುತ್ತೆ. ಮನೆಯವಳು ಒಂದು ಸುತ್ತು ಬಂದು "ಸ್ಟಿಯರಿಂಗ್ ತಿರುಗಿಸಿದರೆ ಕಾರು ಯೋಚನೆ ಮಾಡಿ ತಿರುಗುತ್ತೆ" ಅಂದಳು. ಆದರೂ ಇನ್ನೊಂದು ಸುತ್ತು ಕೇಳಿದಳು.

ಒಂದೇ ಒಂದು ತೊಂದರೆ. ಹೆಡ್‌ಲೈಟ್ ಹಾಕಿದರೆ ಬಲಗಡೆ ಮುಚ್ಚಳ ಪೂರ್ತಿ ತೆರೆಯುತ್ತೆ, ಎಡಗಡೆಯದು ಅರ್ಧಕ್ಕೆ ನಿಲ್ಲುತ್ತೆ. ಬೀದಿಯವರಿಗೆಲ್ಲ ಕಣ್ಣು ಹೊಡೆದ ಹಾಗೆ ಕಾಣುತ್ತೆ.

ಹಳೇಗಾಡಿ_ಹುಚ್ಚ · ಮೇ 11, ರಾತ್ರಿ 9:04

ಅದು ವ್ಯಾಕ್ಯೂಮ್‌ನಿಂದ ತೆರೆಯೋದು. ಎಡಗಡೆಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿರುತ್ತೆ. ಇಂಜಿನ್ ಓಡುವಾಗ ಹತ್ತಿರ ಕಿವಿ ಇಡಿ, ಹಾವು ಬುಸುಗುಟ್ಟಿದ ಹಾಗೆ ಕೇಳುತ್ತೆ. ಹತ್ತು ಡಾಲರಿನ ಪೈಪು.

ಬೆಂಗ್ಳೂರ್_ಬಾಯ್ · ಮೇ 11, ರಾತ್ರಿ 9:20

ಸರಿ, ಈಗಲಾದರೂ ಹೇಳಿ. ಮೈಲೇಜ್ ಎಷ್ಟು ಬರ್ತಿದೆ?

ನೋವಿ_ನಾಗರಾಜ · ಮೇ 11, ರಾತ್ರಿ 9:26

ಇಂಧನದ ಮುಳ್ಳು ಕೆಲಸ ಮಾಡ್ತಿಲ್ಲ ಗುರೂ.